ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ

ಹುಳು ಹಣ್ಣಾಗುವ ಹೊತ್ತಿಗೆ ರೇಷ್ಮೆ ಸಾಕುವ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ. ಸೊಪ್ಪು ಬಿಟ್ಟು, ಮೈ ತಿಳಿಯಾಗಿ, ತಲೆ ಎತ್ತಿ ಆಡಿಸುವ ಹುಳುಗಳನ್ನು ಆಯ್ದಾಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಎಲ್ಲ ಒಟ್ಟಿಗೆ ಹಣ್ಣಾಗುವುದಿಲ್ಲ. ಆಯುವ ಕೂಲಿ ಬೆಳೆಯುತ್ತಲೇ ಹೋಗುತ್ತದೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯ ‘ಸಂಪೂರ್ಣ’ ಈ ಪರದಾಟಕ್ಕೆ ಕಂಡುಕೊಂಡ ದಾರಿ. ಗಿಡಮೂಲದ ಈ ಹಾರ್ಮೋನನ್ನು ನೀರಿಗೆ ಬೆರೆಸಿ ಸೊಪ್ಪಿಗೆ ಚಿಮುಕಿಸಿದರೆ, ಉಳಿದ ಹುಳುಗಳೂ ಒಂದು ದಿನದ ಆಸುಪಾಸಿನಲ್ಲಿ ಗೂಡಿಗೆ ಏಳುತ್ತವೆ.

ಹುಳುವಿನ ಬೆಳವಣಿಗೆಯ ಲಗಾಮು ಎರಡು ಹಾರ್ಮೋನುಗಳ ಕೈಯಲ್ಲಿದೆ. ಜುವೆನೈಲ್ ಹಾರ್ಮೋನು ಅದನ್ನು ಹುಳುವಾಗಿಯೇ ಮೇಯಿಸುತ್ತದೆ; ಎಕ್ಡೈಸೋನ್ ಪೊರೆ ಕಳಚಿಸಿ, ಕೊನೆಗೆ ಗೂಡು ಕಟ್ಟಿಸುತ್ತದೆ. ‘ಸಂಪೂರ್ಣ’ ಈ ಎರಡನೆಯ ಬಗೆಯದು. 1954ರಲ್ಲಿ ವಿಜ್ಞಾನಿಗಳಾದ ಬುಟೆನಾಂಟ್ ಮತ್ತು ಕಾರ್ಲ್ಸನ್ 500 ಕಿಲೋ ರೇಷ್ಮೆ ಪ್ಯೂಪಾ ಅರೆದು ತೆಗೆದ ಎಕ್ಡೈಸೋನ್ ಬರೀ 25 ಮಿಲಿಗ್ರಾಂ. ಇಷ್ಟು ಅಲ್ಪ ಪ್ರಮಾಣದಲ್ಲಿ ಕೆಲಸ ಮಾಡುವ ವಸ್ತುವನ್ನು ಅಂದಾಜಿನಲ್ಲಿ ಸುರಿಯುವಂತಿಲ್ಲ. ಹುಳು ಅಲ್ಲೊಂದು ಇಲ್ಲೊಂದು ಹಣ್ಣಾದ ಮೇಲೆ ಹಾಕಿದರೆ ‘ಸಂಪೂರ್ಣ’ ಕೂಲಿ ಉಳಿಸುತ್ತದೆ; ಆತುರಪಟ್ಟು ಮೊದಲೇ ಹಾಕಿದರೆ ಅರೆಹೊಟ್ಟೆಯ ಹುಳು ತೆಳು ಗೂಡು ಕಟ್ಟುತ್ತದೆ.

ಜುವೆನೈಲ್ ಹಾರ್ಮೋನನ್ನು ಹೋಲುವ ಮೆಥೊಪ್ರೀನ್‌ನಂಥ ರಾಸಾಯನಿಕಗಳ ಆಮಿಷ ಬೇರೆ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಐದನೇ ಹಂತಕ್ಕೆ ಎದ್ದ ಮೇಲೆ ಸೂಕ್ಷ್ಮ ಪ್ರಮಾಣದಲ್ಲಿ ಕೊಟ್ಟರೆ ಹುಳು ಸುಮಾರು ಒಂದು ದಿನ ಹೆಚ್ಚು ಮೇಯ್ದು, ರೇಷ್ಮೆಗ್ರಂಥಿ ತುಂಬಿ, ಗೂಡಿನ ತೂಕ ಏರಬಹುದು. ‘ಇಳುವರಿ ಹೆಚ್ಚಳ’ ಎಂದು ಹೊಗಳುವವರು ಒಂದು ಲೆಕ್ಕ ಬಿಡುತ್ತಾರೆ: ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಈ ಐದನೇ ಹಂತದ್ದೇ. ಹಾಗಾಗಿ ಆ ಹೆಚ್ಚುವರಿ ದಿನವೇ ದುಬಾರಿ ದಿನ. ರೇಷ್ಮೆಯಾಗುವುದು ಸೊಪ್ಪಿನ ಸತ್ವವೇ ಹೊರತು ಹಾರ್ಮೋನಲ್ಲ.

ಈ ರಾಸಾಯನಿಕದ ಅಳತೆ ಮೀರಿದರೆ ಹುಳು ಮೇಯುತ್ತಲೇ ಉಳಿದು ಗೂಡನ್ನೇ ಕಟ್ಟುವುದಿಲ್ಲ. 1980ರ ದಶಕದ ಕೊನೆಯಲ್ಲಿ ಇಟಲಿಯ ರೇಷ್ಮೆ ಬೆಳೆಗಾರರು ಇದನ್ನು ಕಣ್ಣಾರೆ ಕಂಡರು. ಹಣ್ಣಿನ ತೋಟಗಳಿಗೆ ಸಿಂಪಡಿಸಿದ ಫೆನೊಕ್ಸಿಕಾರ್ಬ್ ಎಂಬ ಇದೇ ಬಗೆಯ ಕೀಟನಾಶಕ ಗಾಳಿಯಲ್ಲಿ ಹಿಪ್ಪುನೇರಳೆಗೂ ತಾಗಿ, ಹುಳುಗಳು ನೂಲು ಬಿಡದೆ ಹೋದವು.

ಆದ್ದರಿಂದ ‘ಸಂಪೂರ್ಣ’ವನ್ನೂ ಮೆಥೊಪ್ರೀನ್‌ನಂಥವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕೆಲಸ ಹಗುರ ಮಾಡುವ ಮೊದಲನೆಯದು ಆಳು ಸಿಗದ ಮನೆಗೆ ಬೇಕೇಬೇಕು. ಎರಡನೆಯದು ಸೊಪ್ಪು ಮಿಕ್ಕಿರುವ, ಹುಳು ಆರೋಗ್ಯವಾಗಿರುವ, ಅಳತೆ ತಪ್ಪದ ಮನೆಗೆ ಮಾತ್ರ. ಸೊಪ್ಪು ಸಾಲದೆ ಪಕ್ಕದ ತೋಟದಿಂದ ಸಾಲ ತರುವವರು ಆ ಬಾಟಲಿಯ ಮುಚ್ಚಳ ತೆರೆಯದಿರುವುದೇ ಲಾಭ.