ತಾಳದವರು ಎದ್ದುಹೋದ ಮೇಲೆ

ಭಜನಾ ಮೇಳದಲ್ಲಿ ಹಾಡುವವರೊಬ್ಬರು ಬಾರದಿದ್ದರೆ ಹೇಗೋ ಸಾಗುತ್ತದೆ. ತಾಳದವರೇ ಬಾರದಿದ್ದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಅಮೆರಿಕದ ಆರ್.ಇ.ಎಂ. ಎಂಬ ರಾಕ್ ತಂಡಕ್ಕೆ ಒದಗಿದ್ದು ಇದೇ ಪರಿಸ್ಥಿತಿ. ಆ ಬಳಿಕ 1998ರ ಅಕ್ಟೋಬರಿನಲ್ಲಿ ಅವರು ಹೊರತಂದ 'ಅಪ್' ಎಂಬ ಧ್ವನಿಮುದ್ರಿಕೆಯನ್ನು ಕುರಿತು ಇಲ್ಲಿ ನಾಲ್ಕು ಮಾತು ಹೇಳಬಯಸುತ್ತೇವೆ. ರಾಕ್ ಎಂದರೆ ಬರಿಯ ಗದ್ದಲವೆಂದು ಮೂಗು ಮುರಿಯುವ ಹಿರಿಯರೂ ಇದನ್ನು ಕೇಳಬಹುದು. ಇದರಲ್ಲಿ ಗದ್ದಲ ಕಡಮೆ.

ಜಾರ್ಜಿಯಾ ರಾಜ್ಯದ ಏಥೆನ್ಸ್ ಊರಿನಲ್ಲಿ 1980ರಲ್ಲಿ ಈ ತಂಡ ಕಟ್ಟಿದವರು ನಾಲ್ವರು: ಗಾಯಕ ಮೈಕೆಲ್ ಸ್ಟೈಪ್, ಗಿಟಾರಿನ ಪೀಟರ್ ಬಕ್, ಬೇಸ್ ಗಿಟಾರಿನ ಮೈಕ್ ಮಿಲ್ಸ್, ಡ್ರಮ್ಸಿನ ಬಿಲ್ ಬೆರಿ. ಹಾಡು ಯಾರಿಗೆ ಹೊಳೆದರೂ ಅದರ ಕೆಳಗೆ ನಾಲ್ವರ ಹೆಸರೂ ಇರಬೇಕೆಂಬುದು ಅವರ ಕಟ್ಟಳೆ. 1995ರ ಮಾರ್ಚಿಯಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ನುಡಿಸುತ್ತಿದ್ದಾಗ ಬೆರಿಯವರ ಮಿದುಳಿನ ರಕ್ತನಾಳಕ್ಕೆ ಅಪಾಯ ಒದಗಿತು. ಶಸ್ತ್ರಚಿಕಿತ್ಸೆಯಾಗಿ ಚೇತರಿಸಿಕೊಂಡು ಮತ್ತೆ ಡ್ರಮ್ಸಿಗೆ ಕುಳಿತರಾದರೂ 1997ರ ಅಕ್ಟೋಬರಿನಲ್ಲಿ ತಂಡ ಬಿಟ್ಟರು. ಆಮೇಲೆ ಬೇಸಾಯಕ್ಕೆ ನಿಂತರು. ತಾವು ಹೋದರೆ ತಂಡ ಒಡೆಯುವುದಾದಲ್ಲಿ ಹೋಗುವುದೇ ಇಲ್ಲವೆಂಬುದು ಅವರ ಷರತ್ತಾಗಿತ್ತು. ಹೀಗಾಗಿ ಮುಂದುವರಿಯುವುದೆಂದರೆ ಉಳಿದ ಮೂವರಿಗೆ ಗೆಳೆಯನ ಮಾತು ನಡೆಸಿಕೊಟ್ಟಂತೆಯೇ ಆಯಿತು.

ಅವರು ಹೊಸ ಡ್ರಮ್ಮರರನ್ನು ಖಾಯಂ ಸದಸ್ಯರಾಗಿ ಸೇರಿಸಿಕೊಳ್ಳಲಿಲ್ಲ. ಬ್ಯಾರೆಟ್ ಮಾರ್ಟಿನ್, ಜೋಯಿ ವರಾಂಕರ್ ಅತಿಥಿಗಳಾಗಿ ನುಡಿಸಿದ್ದಾರೆ. ಅನೇಕ ಕಡೆ ಡ್ರಮ್ ಯಂತ್ರ ಮತ್ತು ಕೀಬೋರ್ಡುಗಳಿಂದಲೇ ಕೆಲಸ ಸಾಗಿದೆ. ಮೊದಲನೆಯ ಹಾಡು 'ಏರ್‌ಪೋರ್ಟ್‌ಮ್ಯಾನ್' ಯಂತ್ರದ ಸಣ್ಣ ಮಿಡಿತದ ಮೇಲೆ, ತಗ್ಗಿದ ದನಿಯಲ್ಲಿ ಸಾಗುತ್ತದೆ. ಹೆಸರಾಂತ ತಂಡವೊಂದು ಹೊಸ್ತಿಲಲ್ಲೇ ತನ್ನ ಕೊರತೆಯನ್ನು ತೋರಿಸಿಕೊಳ್ಳುವುದು ಸಾಮಾನ್ಯ ಧೈರ್ಯವಲ್ಲ. ಬೆರಿಯವರಂತೆಯೇ ಬಾರಿಸುವ ಒಬ್ಬರನ್ನು ಕರೆತಂದು, ಏನೂ ಆಗಿಲ್ಲವೆಂಬಂತೆ ನಡೆದುಕೊಳ್ಳಬಹುದಿತ್ತು. ಹಾಗೆ ಮಾಡದಿರುವುದೇ ಈ ಮುದ್ರಿಕೆಯ ದೊಡ್ಡ ಗುಣವೆಂದು ನಾವು ಬಗೆಯುತ್ತೇವೆ.

ಯಂತ್ರದ ತಾಳಕ್ಕೆ ಜೀವವಿಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಇದೇ ತಂಡದ 1992ರ ಪ್ರಸಿದ್ಧ ಹಾಡು 'ಎವೆರಿಬಡಿ ಹರ್ಟ್ಸ್'ನಲ್ಲಿ, ಬೆರಿಯವರು ಇದ್ದಾಗಲೇ, ಯಂತ್ರದ ತಾಳವಿತ್ತು; ಅದನ್ನು ಕೇಳಿ ಕಣ್ಣೊರೆಸಿಕೊಂಡವರು ಎಷ್ಟೋ ಮಂದಿ. 'ಅಪ್'ನಲ್ಲಿಯೂ 'ಅಟ್ ಮೈ ಮೋಸ್ಟ್ ಬ್ಯೂಟಿಫುಲ್' ಎಂಬ ಪ್ರೇಮಗೀತೆ ಪಿಯಾನೋ ಮತ್ತು ಹೆಣೆದುಕೊಂಡ ಕಂಠಗಳಿಂದ, ಬೀಚ್ ಬಾಯ್ಸ್ ತಂಡದ ಹಳೆಯ ಶೈಲಿಯನ್ನು ನೆನಪಿಸುತ್ತ, ಮನಸ್ಸನ್ನು ತುಂಬುತ್ತದೆ.

ದೋಷವಿರುವುದು ಬೇರೆಡೆ. ಹದಿನಾಲ್ಕು ಹಾಡುಗಳು, ಒಂದು ಗಂಟೆಗೂ ಮೀರಿದ ಕಾಲ. ನಡುವೆ ಒಂದೇ ಬಗೆಯ ನಿಧಾನಗತಿ ಬೇಸರ ತರಿಸುತ್ತದೆ. ಮೂರು ಹಾಡುಗಳನ್ನಾದರೂ ಕೈಬಿಡಬಹುದಿತ್ತು. "ಇಷ್ಟು ಸಾಕು" ಎನ್ನುವ ನಾಲ್ಕನೆಯ ದನಿಯೊಂದು ಕೋಣೆಯಲ್ಲಿ ಇರಲಿಲ್ಲವೇನೋ ಎಂದು ಇಲ್ಲಿ ಅನಿಸದೆ ಇರದು. ಡ್ರಮ್ಸಿನ ಕೊರತೆಗಿಂತ ಈ ಕೊರತೆಯೇ ನಮಗೆ ಹೆಚ್ಚಾಗಿ ಕಂಡಿತು.

ಹಿಂದಿನ ಮುದ್ರಿಕೆಗಳಷ್ಟು ಇದು ಮಾರಾಟವಾಗಲಿಲ್ಲ. ಮೂರು ಕಾಲಿನ ನಾಯಿಯೂ ನಾಯಿಯೇ, ಬೇರೆ ರೀತಿ ಓಡಲು ಕಲಿಯಬೇಕಷ್ಟೆ ಎಂಬರ್ಥದ ಮಾತನ್ನು ಸ್ಟೈಪ್ ಆಗ ಆಡಿದ್ದರು. ಕಲಿತರು ಕೂಡ: 2011ರ ಸೆಪ್ಟೆಂಬರಿನಲ್ಲಿ ತಾವಾಗಿಯೇ ನಿಲ್ಲಿಸುವವರೆಗೆ ಆ ಮೂವರು ಜೊತೆಯಲ್ಲೇ ಇದ್ದರು.

ಹೊಸದಾಗಿ ಕೇಳುವವರು 'ಡೇಸ್ಲೀಪರ್' ಹಾಡಿನಿಂದ ಆರಂಭಿಸಲಿ. ರಾತ್ರಿಪಾಳಿಯಲ್ಲಿ ದುಡಿದು ಹಗಲು ಮಲಗುವ ನೌಕರನೊಬ್ಬನ ಹಾಡು ಅದು. ಹತ್ತರಿಂದ ಐದರವರೆಗೆ ಕಡತ ನೋಡುವ ನಮ್ಮಂಥವರಿಗೆ ಆ ಬದುಕು ಪರಿಚಿತವಲ್ಲ. ಆದರೆ ಪರದೇಶದ ಗಡಿಯಾರಕ್ಕೆ ಸರಿಯಾಗಿ ದುಡಿಯುವ ಮಕ್ಕಳು ಇಂದು ನಮ್ಮ ಅನೇಕ ಮನೆಗಳಲ್ಲಿದ್ದಾರೆ. ಈ ಮುದ್ರಿಕೆಯೊಂದಿಗೆ ಹಾಡುಗಳ ಪೂರ್ಣ ಸಾಹಿತ್ಯವನ್ನೂ ಅಚ್ಚು ಮಾಡಿದ್ದಾರೆ. ಆ ತಂಡ ಹಾಗೆ ಮಾಡಿದ್ದು ಅದೇ ಮೊದಲು. ಅದನ್ನು ಎದುರಿಗಿಟ್ಟುಕೊಂಡು, ಮಗನೋ ಮಗಳೋ ಎಚ್ಚರವಾಗಿರುವ ಹೊತ್ತು ನೋಡಿ, ಜೊತೆಯಲ್ಲೇ ಕೇಳಿದರೆ ಒಳ್ಳೆಯದು.