ಗೊಟಗೋಡಿಯ ಊರಿಗೆ ಗಾಯವೇ ಇಲ್ಲ

ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಹಳೆಯ ಊರಿನ ಬದುಕನ್ನು ಮೂರ್ತಿಗಳಲ್ಲಿ ಕಟ್ಟಿಕೊಟ್ಟ ಉತ್ಸವ ರಾಕ್ ಗಾರ್ಡನ್‌ಗೆ ಹೋದವರೆಲ್ಲ ಆಡುವ ಮಾತು ಒಂದೇ: ‘ಜೀವ ಬಂದಂಗ ಐತಿ ನೋಡ್ರಿ.’ ನಗರದ ಕಲಾವಲಯ ಅದೇ ಕಾರಣಕ್ಕೆ ಅದನ್ನು ಸಿಮೆಂಟಿನ ಗೊಂಬೆಗಳು, ಕಿಚ್ ಎಂದು ಬದಿಗಿಡುತ್ತದೆ. ಮೆಚ್ಚಿದವರೂ ಮೂಗು ಮುರಿದವರೂ ನೋಡಿದ್ದು ಹೋಲಿಕೆಯನ್ನಷ್ಟೇ. ನನ್ನ ತಕರಾರು ಇಬ್ಬರೊಂದಿಗೂ ಇದೆ. ಅದನ್ನು ಕಟ್ಟಿದ ಟಿ.ಬಿ. ಸೊಲಬಕ್ಕನವರ ಜೊತೆಗೂ ಇದೆ.

ನಮ್ಮ ಊರುಗಳಲ್ಲಿ ಮೂರ್ತಿಯಾಗುವ ಯೋಗ ಯಾರಿಗಿದೆ? ದೇವರಿಗೆ, ಮಠದ ಸ್ವಾಮಿಗಳಿಗೆ, ಸರ್ಕಲ್ಲಿನ ನಾಯಕರಿಗೆ. ದಿವಂಗತ ಸೊಲಬಕ್ಕನವರ ಆ ಯೋಗವನ್ನು ಕುಂಬಾರನಿಗೆ, ಕಮ್ಮಾರನಿಗೆ, ಬೀಸುವ ಕುಟ್ಟುವ ಹೆಣ್ಣುಮಕ್ಕಳಿಗೆ ಕೊಟ್ಟರು. ದೊಡ್ಡಾಟಕ್ಕೆ ಹೊಸ ಜೀವ ತುಂಬಿದ ರಂಗಕರ್ಮಿಯ ಕಣ್ಣು ಅವರದು. ಮುಖಕ್ಕಿಂತ ಮೊದಲು ಬಾಗಿದ ಬೆನ್ನು, ಊರಿದ ಮೊಣಕಾಲು ಇಲ್ಲಿ ಪಾತ್ರವನ್ನು ಹೇಳಿಬಿಡುತ್ತವೆ. ದುಡಿಮೆಗೆ ಸಂದ ಈ ಮರ್ಯಾದೆಯನ್ನು ನಾನು ಸಾಮಾಜಿಕ ನ್ಯಾಯವೆಂದೇ ಕರೆಯುತ್ತೇನೆ.

ಆದರೆ ಆ ನ್ಯಾಯ ಅರ್ಧಕ್ಕೇ ನಿಂತಿದೆ. ಎಲ್ಲರೂ ತಂತಮ್ಮ ಕಸುಬಿನಲ್ಲಿ ನೆಮ್ಮದಿಯಾಗಿರುವ ಈ ಮೂರ್ತಿಗಳ ಊರಿಗೆ, ಕಸುಬನ್ನು ಹಂಚಿದ್ದು ಜಾತಿ ಎಂಬ ನೆನಪೇ ಇಲ್ಲ. ಇಲ್ಲಿಂದ ಸವಣೂರು ದೂರವೇನಲ್ಲ. 2010ರ ಜುಲೈನಲ್ಲಿ ಮಲ ಹೊರುವ ಕಸುಬಿಗೆ ಕಟ್ಟುಬಿದ್ದ ಅಲ್ಲಿನ ಭಂಗಿ ಸಮುದಾಯದವರು, ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ, ಪುರಸಭೆ ಎದುರು ಮೈಗೆ ಮಲ ಬಳಿದುಕೊಂಡರು. ಅದನ್ನು ಕಲೆ ಎನ್ನುವ ಧಾರ್ಷ್ಟ್ಯ ನನಗಿಲ್ಲ. ಆದರೆ ಈ ಜಿಲ್ಲೆಯ ದುಡಿಯುವ ಮೈ ತನ್ನ ಪಾಡನ್ನು ತಾನೇ ಹೇಳಿದ್ದು ಅಲ್ಲಿ. 2008ರ ಜೂನ್‌ನಲ್ಲಿ ಗೊಬ್ಬರ ಕೇಳಲು ಹೋಗಿ ಹಾವೇರಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ರೈತರ ನೆರಳೂ ಗೊಟಗೋಡಿಯ ನೇಗಿಲಿನ ಮೇಲೆ ಬಿದ್ದದ್ದನ್ನು ನಾನು ಕಾಣಲಿಲ್ಲ.

ಮಕ್ಕಳು ಬರುವ ಜಾಗ, ಕಹಿ ಯಾಕೆ, ಹಳೆಯ ಊರನ್ನು ಕಂಡು ಮನಸ್ಸು ಹಗುರಾದರೆ ಸಾಲದೇ ಎನ್ನುವವರಿದ್ದಾರೆ. ಹಗುರಾಗುವುದು ಯಾರ ಮನಸ್ಸು? ಊರು ಬಿಟ್ಟು, ಕಾರಿನಲ್ಲಿ ಮರಳಿ ಬಂದವರದು. ಗಾಯ ತೋರಿಸಿದರೆ ಸಮಾಧಾನ ಕೆಡುತ್ತದೆ ಎನ್ನುವವರು ಹಾನಗಲ್ಲಿನ ತಾರಕೇಶ್ವರ ಗುಡಿಯ ವೀರಗಲ್ಲಿನ ಮುಂದೆ ಸ್ವಲ್ಪ ನಿಲ್ಲಬೇಕು. (ಎಲ್ಲರೂ ಕತ್ತೆತ್ತಿ ಚಾವಣಿಯ ಕಮಲ ನೋಡಿ ಹೊರಟುಬಿಡುತ್ತಾರೆ, ಇರಲಿ.) ವೀರಗಲ್ಲನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಕೈಲಾಸ ತುದಿಯಲ್ಲಿ, ಎತ್ತಿಕೊಂಡು ಹೋಗುವ ಅಪ್ಸರೆಯರು ನಡುವೆ. ಎಲ್ಲದರ ಬುಡದಲ್ಲಿ ಕಾಳಗ, ಬೀಳುತ್ತಿರುವ ಆಳು. ಸೊಲಬಕ್ಕನವರ ನಮಗೆ ಕೊಟ್ಟದ್ದು ಮೇಲಿನ ಪಟ್ಟಿಕೆಗಳನ್ನು. ಬುಡದ ಪಟ್ಟಿಕೆಗೆ ಗೊಟಗೋಡಿಯಲ್ಲಿ ಇನ್ನೂ ಜಾಗವಿದೆ.