ತಿಥಿ ಮುಗಿದ ಮೇಲೆ ಬರುವವರು ಯಾರು?

ಕೇರಳದ ಪ್ಯಾಲಿಯೇಟಿವ್ ಕೇರ್ ಬಗ್ಗೆ ಬರೆದವರೆಲ್ಲ ಅಲ್ಲಿನ ಸ್ವಯಂಸೇವಕರನ್ನು ಕೊಂಡಾಡಿದ್ದಾರೆ. ಕೊಂಡಾಡಲೇಬೇಕು. ಆದರೆ ಆ ಚಳವಳಿಯಿಂದ ನಾವು ಮೊದಲು ಕಲಿಯಬೇಕಾದದ್ದು ಅದು ದುಡ್ಡು ಹೊಂದಿಸಿಕೊಂಡ ಬಗೆಯನ್ನು. ಅದರ ದೊಡ್ಡ ಕೊರತೆ ಕಾಣುವುದೂ ಅದೇ ಲೆಕ್ಕದ ಪುಸ್ತಕದಲ್ಲಿ.

1993ರಲ್ಲಿ ಕೋಳಿಕ್ಕೋಡಿನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಕೆ. ಸುರೇಶ್ ಕುಮಾರ್ ಮತ್ತು ಅವರ ಜೊತೆಗಾರರು ಗುಣವಾಗದ ಕಾಯಿಲೆಯವರ ನೋವಿಗೆ ಮದ್ದು ಕೊಡುವ ಸಣ್ಣ ಸಂಘವೊಂದನ್ನು ಶುರುಮಾಡಿದರು. ಕೆಲವೇ ವರ್ಷಗಳಲ್ಲಿ ಅದು ಆಸ್ಪತ್ರೆಯ ಗೋಡೆ ದಾಟಿ ಮಲಪ್ಪುರಂ, ಕೋಳಿಕ್ಕೋಡ್ ಜಿಲ್ಲೆಗಳ ನೆರೆಹೊರೆಗೆ ಹಬ್ಬಿತು. ಹಬ್ಬಿದ್ದು ದೊಡ್ಡ ದಾನಿಯೊಬ್ಬರ ಚೆಕ್ಕಿನಿಂದಲ್ಲ. ಅಂಗಡಿಯ ಮುಂದಿಟ್ಟ ಡಬ್ಬಿ, ಶಾಲೆಯ ಮಕ್ಕಳು ತಂದ ಚಿಲ್ಲರೆ, ತಿಂಗಳಿಗೆ ಇಷ್ಟು ಎಂದು ಒಪ್ಪಿಕೊಂಡವರ ಹತ್ತಿಪ್ಪತ್ತು ರೂಪಾಯಿ, ಇವುಗಳಿಂದ ಊರಿನ ಘಟಕ ನಡೆಯಿತು. ಹತ್ತು ಮಂದಿ ಕೈಬಿಟ್ಟರೂ ನಿಲ್ಲದ ವ್ಯವಸ್ಥೆ ಅದು. 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿ ಒಂದು ನೀತಿಯನ್ನೇ ರೂಪಿಸಿತು. ಪಂಚಾಯಿತಿಗಳು ಮನೆಮನೆಗೆ ಹೋಗುವ ನರ್ಸಿಗೆ ತಮ್ಮ ಯೋಜನೆಯಲ್ಲೇ ಹಣ ತೆಗೆದಿಡತೊಡಗಿದವು. ಜನರ ಚಿಲ್ಲರೆಯ ಜೊತೆಗೆ ತೆರಿಗೆಯ ಹಣವೂ ಸೇರಿದ್ದು ಈ ಮಾದರಿಯ ನಿಜವಾದ ಸಾಧನೆ.

ಕೊರತೆ ಇರುವುದು ರೋಗಿ ತೀರಿಕೊಂಡ ಮಾರನೆಯ ದಿನದಲ್ಲಿ. ಕುಟುಂಬವು ಅಗಲಿಕೆಯನ್ನು ತಾಳಿಕೊಳ್ಳಲು ನೆರವಾಗುವುದೂ ಈ ಆರೈಕೆಯ ಭಾಗ ಎಂದು ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯೇ ಹೇಳುತ್ತದೆ. ಆದರೆ ವ್ಯವಸ್ಥೆ ನಿಂತಿರುವುದು ರೋಗಿಯ ಹೆಸರಿನ ಮೇಲೆ. ಔಷಧಿ, ನರ್ಸಿನ ಭೇಟಿ, ವಾಹನದ ಡೀಸೆಲ್, ಎಲ್ಲವೂ ಆ ಹೆಸರಿನ ಖಾತೆಗೆ ಬರೆಯುವ ಖರ್ಚು. ಹೆಸರಿಗೆ ಅಡ್ಡಗೆರೆ ಬಿದ್ದ ಮೇಲೆ ಆ ಮನೆಗೆ ಹೋಗುವುದು ಸ್ವಯಂಸೇವಕರ ಒಳ್ಳೆಯತನಕ್ಕೆ ಬಿಟ್ಟದ್ದು. ಇನ್ನು ರಸ್ತೆ ಅಪಘಾತದಲ್ಲೋ ಆತ್ಮಹತ್ಯೆಯಲ್ಲೋ ಮನೆಯವರನ್ನು ಕಳೆದುಕೊಂಡವರು ಆ ಪಟ್ಟಿಗೆ ಸೇರಿದವರೇ ಅಲ್ಲ.

ನಮ್ಮ ಕಡೆ ಹನ್ನೊಂದು, ಹದಿಮೂರನೆಯ ದಿನದವರೆಗೆ ಮನೆ ತುಂಬ ಜನ. ವೈಕುಂಠ ಸಮಾರಾಧನೆಯ ಊಟ ಮುಗಿಸಿ ಎಲ್ಲರೂ ಬಸ್ಸು ಹತ್ತಿದ ಮೇಲೆ ಉಳಿಯುವವಳು ಒಬ್ಬಳು ಹೆಂಗಸು, ಅವಳ ಮಕ್ಕಳು. ಅವಳು ಮರಣ ಪ್ರಮಾಣಪತ್ರ ತರಬೇಕು, ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಬೇಕು, ಗಂಡನ ಬ್ಯಾಂಕ್ ಖಾತೆಯಲ್ಲಿ ನಾಮಿನಿ ಯಾರೆಂದು ತಿಳಿಯಬೇಕು, ವಿಧವಾ ವೇತನಕ್ಕೆ ಓಡಾಡಬೇಕು. ಪ್ರತಿ ಕಿಟಕಿಯ ಮುಂದೆಯೂ ಗಂಡ ಹೇಗೆ ಸತ್ತ, ಯಾವಾಗ ಸತ್ತ ಎಂದು ಮತ್ತೆ ಹೇಳಬೇಕು. ಒಂದು ಬೆಳಿಗ್ಗೆ ಅವಳ ಜೊತೆ ಹೋಗಿ ಸಾಲಿನಲ್ಲಿ ನಿಲ್ಲುವವರು ಸಿಕ್ಕರೆ ಅದೂ ಆಪ್ತಸಮಾಲೋಚನೆಯೇ. ಮೊದಲ ವಾರಗಳ ಅಳು ಕಾಯಿಲೆಯಲ್ಲ. 2022ರಿಂದ ಜಾರಿಯಲ್ಲಿರುವ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣವೂ ದೀರ್ಘಕಾಲದ ದುಃಖವನ್ನು ಗುರುತಿಸಲು ಕನಿಷ್ಠ ಆರು ತಿಂಗಳು ಕಳೆದಿರಬೇಕು ಎನ್ನುತ್ತದೆ. ಅಂದರೆ ಯಾರಿಗೆ ಹೆಚ್ಚಿನ ನೆರವು ಬೇಕೆಂದು ತಿಳಿಯುವ ಹೊತ್ತಿಗೆ ಬಂದವರೆಲ್ಲ ಹೋಗಿ ಬಹಳ ದಿನವಾಗಿರುತ್ತದೆ.

ಇಂಥ ನೆರವಿಗೆ ದುಡ್ಡಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ. ಸತ್ತವರ ಹೆಸರಿನಲ್ಲಿ ನಾವು ಕೊಡುವಷ್ಟು ಬೇರೆ ಯಾವುದಕ್ಕೂ ಕೊಡುವುದಿಲ್ಲ. ಶಾಲೆಯ ಫ್ಯಾನಿನ ರೆಕ್ಕೆಯ ಮೇಲೆ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ದೇವಸ್ಥಾನದ ಸ್ಟೀಲ್ ಕೊಳಗದ ಮೇಲೆ ‘ದಿವಂಗತರ ಸ್ಮರಣಾರ್ಥ’ ಎಂದು ಕೆಂಪು ಬಣ್ಣದಲ್ಲೋ ಕೊರೆದ ಅಕ್ಷರದಲ್ಲೋ ಇರುತ್ತದೆ. ವರ್ಷಾಬ್ದಿಕದ ದಿನ ಅನಾಥಾಶ್ರಮದಲ್ಲಿ ಒಂದು ಹೊತ್ತಿನ ಊಟ ಹಾಕಿಸುತ್ತೇವೆ. ಇದೆಲ್ಲ ಕಣ್ಣಿಗೆ ಕಾಣುತ್ತದೆ, ಹೆಸರು ಬರೆಸಬಹುದು. ದುಃಖದಲ್ಲಿರುವವರ ಮಾತು ಕೇಳಿಸಿಕೊಂಡ ಒಂದು ಗಂಟೆಯ ಮೇಲೆ ಹೆಸರು ಬರೆಸಲು ಆಗುವುದಿಲ್ಲ. ಹಾಗಾಗಿ ಅದಕ್ಕೆ ಯಾರೂ ರಸೀದಿ ಹರಿಸುವುದಿಲ್ಲ.

ಬೆಂಗಳೂರಿನ ಕರುಣಾಶ್ರಯವನ್ನು ಇಲ್ಲಿ ನೆನೆಯಲೇಬೇಕು. ಭಾರತೀಯ ಕ್ಯಾನ್ಸರ್ ಸೊಸೈಟಿಯ ಸ್ಥಳೀಯ ಶಾಖೆ ಮತ್ತು ಇಂದಿರಾನಗರದ ರೋಟರಿ ಸೇರಿ 1994ರಲ್ಲಿ ಕಟ್ಟಿದ ಟ್ರಸ್ಟ್ ಅದು. 1999ರಿಂದ ಮಾರತ್ತಹಳ್ಳಿಯ ಬಳಿ ಕ್ಯಾನ್ಸರಿನ ಕೊನೆಯ ಹಂತದವರನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಬಡವ ಬಲ್ಲಿದ ಎನ್ನದೆ ಯಾರಿಗೂ ಬಿಲ್ ಇಲ್ಲ ಎಂಬ ನಿಯಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಬಿಲ್ ಇಲ್ಲದಿದ್ದಾಗಲೇ ಸಾವಿನ ನಂತರ ಆ ಕುಟುಂಬ ಸಾಲದ ಹಂಗಿಲ್ಲದೆ ಅಳಬಹುದು.

ಕಂಪನಿಗಳ ಹಣ ದುಃಖದಲ್ಲಿರುವವರ ಜೊತೆ ನಿಲ್ಲುವ ಕೆಲಸಕ್ಕೆ ಹೊಂದುವುದು ಕಷ್ಟ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಆದರೆ ಮುಂದುವರಿಯುವ ಯೋಜನೆ ಎನ್ನಿಸಿಕೊಂಡದ್ದಕ್ಕೂ ಶುರುವಾದ ವರ್ಷ ಬಿಟ್ಟು ಮೂರು ವರ್ಷವೇ ಗಡುವು. ಆಂಬುಲೆನ್ಸಿಗೆ ಆ ಹಣ ಸರಿ. ಆದರೆ ಎಂಟು ವರ್ಷದ ಹುಡುಗಿಯೊಬ್ಬಳು ಅಪ್ಪನ ಸಾವಿನ ಬಗ್ಗೆ ಮೊದಲ ಬಾರಿ ಬಾಯಿ ಬಿಡುವುದು ಆ ಗಡುವು ಮುಗಿದು, ಹೈಸ್ಕೂಲಿಗೆ ಬಂದ ಮೇಲೆ ಆಗಬಹುದು. ವಿದೇಶಿ ದೇಣಿಗೆಯ ದಾರಿಯೂ ಸಣ್ಣವರಿಗೆ ಕಿರಿದಾಗಿದೆ: ಆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯ ನಂತರ ದೊಡ್ಡ ಸಂಸ್ಥೆ ತಾನು ಪಡೆದ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ.

ಇನ್ನು 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಪೂರ್ತಿ ಸರ್ಕಾರದ ಖರ್ಚು. ನಮ್ಮ ನಿಮ್ಹಾನ್ಸ್ ಅದರ ಹಿಂದಿದೆ. 14416ಕ್ಕೆ ಮಧ್ಯರಾತ್ರಿ ಕನ್ನಡದಲ್ಲೇ ಮಾತಾಡಬಹುದು ಎಂಬುದು ಸಣ್ಣ ವಿಷಯವಲ್ಲ. ತಡೆಯಲಾಗದ ರಾತ್ರಿಗೆ ಅದು ಬೇಕೇ ಬೇಕು. ಆದರೆ ಮನೆಯ ಗುರುತಿಲ್ಲದ ದನಿ ಅದು. ಬೀದಿಯಲ್ಲಿ ಸಿಕ್ಕಾಗ ‘ಹೇಗಿದ್ದೀಯಮ್ಮ’ ಎನ್ನುವ ಪರಿಚಯ ಫೋನಿನಲ್ಲಿ ಬೆಳೆಯುವುದಿಲ್ಲ.

ಹಾಗೆಂದು ಎಲ್ಲವನ್ನೂ ಸ್ವಯಂಸೇವಕರ ತಲೆಗೆ ಕಟ್ಟುವುದೂ ತಪ್ಪು. ಬ್ರಿಟನ್ನಿನಲ್ಲಿ 1959ರಲ್ಲಿ ಮಾರ್ಗರೆಟ್ ಟೋರಿ ವಿಧವೆಯರಿಗಾಗಿ ಶುರುಮಾಡಿದ ಕ್ರೂಸ್ ಸಂಸ್ಥೆ ಇಂದು ದುಃಖದಲ್ಲಿರುವ ಎಲ್ಲರಿಗೂ ತೆರೆದಿದೆ, ನಡೆಯುವುದು ಬಹುಪಾಲು ಸ್ವಯಂಸೇವಕರಿಂದ. ಆದರೆ ಅವರಿಗೆ ತರಬೇತಿ ಕೊಡಲು, ದಿನವೂ ಸಾವಿನ ಕಥೆ ಕೇಳುವವರ ಮನಸ್ಸನ್ನು ಕಾಯಲು ಅನುಭವಿಗಳು ಬೇಕು. ಅವರಿಗೆ ಸಂಬಳ ಕೊಡಬೇಕು. ನಮ್ಮ ಸಂಸ್ಥೆಗಳು ದಾನಿಗಳ ಮುಂದೆ ಈ ಸಂಬಳದ ಮಾತನ್ನು ಅಳುಕಿನಿಂದ ಆಡುತ್ತವೆ, ‘ಆಡಳಿತ ವೆಚ್ಚ’ ಎಂಬ ಸಾಲಿನಲ್ಲಿ ಅಡಗಿಸುತ್ತವೆ. ಅದನ್ನು ಮೊದಲ ಸಾಲಿಗೇ ತರಬೇಕು.

ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಸಾವಾಯಿತೆಂದು ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿದಿರುತ್ತದೆ. ಒಂದು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ಆ ಮನೆಗೊಂದು ಭೇಟಿ ಕೊಡಲು ಅವರಿಗೆ ತರಬೇತಿ ಮತ್ತು ಪ್ರತಿ ಭೇಟಿಗೂ ಪ್ರತ್ಯೇಕ ಪ್ರೋತ್ಸಾಹಧನ ಕೊಡಬಹುದು. ಈಗಿನ ಹೊರೆಯ ಮೇಲೆ ಇನ್ನೊಂದು ಬಿಟ್ಟಿ ಕೆಲಸ ಹೇರಕೂಡದು. ಆ ಹಣದ ಅರ್ಧವನ್ನು ಗ್ರಾಮ ಪಂಚಾಯಿತಿ ಕೊಡಲಿ, ಉಳಿದರ್ಧ ಊರಿನ ಡಬ್ಬಿಯಿಂದ ಬರಲಿ. ಡಬ್ಬಿ ಹಾಲಿನ ಡೇರಿಯಲ್ಲಿರಲಿ, ಸೊಸೈಟಿಯಲ್ಲಿರಲಿ, ಕಿರಾಣಿ ಅಂಗಡಿಯಲ್ಲಿರಲಿ. ಭೇಟಿಗೆ ಹೋದವರು ಮಾತ್ರ ಆ ಮನೆಯಲ್ಲಿ ರಸೀದಿ ಪುಸ್ತಕ ತೆಗೆಯಬಾರದು.